ಹಂದಿಮರಿಗಳ ಬ್ಯಾಂಕು

ಬ್ಯಾಂಕು ಅಂದರೆ ನಮಗೆ ಗೊತ್ತು. ಹಣ ಇಡುತ್ತೇವೆ, ಸಾಲ ತರುತ್ತೇವೆ. ಹಂದಿಯ ಬ್ಯಾಂಕು ಕೇಳಿದ್ದೀರಾ? ಅಮೆರಿಕ ದೇಶದಲ್ಲಿ ಅಂಥದ್ದೊಂದು ಇತ್ತು. ಅದನ್ನು ಕಟ್ಟಿದಾಕೆ ಹತ್ತಿ ಬಿಡಿಸುತ್ತಿದ್ದ ಹೆಂಗಸು. ಹೆಸರು ಫ್ಯಾನಿ ಲೂ ಹೇಮರ್.

ಅಮೆರಿಕ ಶ್ರೀಮಂತ ದೇಶ. ಅಲ್ಲೆಂಥ ಹಸಿವು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿನ ದಕ್ಷಿಣದಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯ ಇದೆ. ಹೊಳೆ ತಂದ ಮೆಕ್ಕಲು ಮಣ್ಣು. ಹತ್ತಿ ಹುಲುಸಾಗಿ ಬರುತ್ತದೆ. ಆಗ ಹೊಲಗಳು ಹೆಚ್ಚಾಗಿ ಬಿಳಿಯರದು, ದುಡಿಮೆ ಕರಿಯರದು. ಇವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದಿದ್ದರು. 1865ರಲ್ಲಿ ಗುಲಾಮಗಿರಿ ಹೋಯಿತು. ಪಾಲಿನ ಬೇಸಾಯ ಬಂತು. ಅರ್ಧ ಬೆಳೆ ಒಡೆಯನಿಗೆ. ಉಳಿದರ್ಧ ಅವನ ಸಾಲಕ್ಕೆ. ಲೆಕ್ಕದ ಪುಸ್ತಕ ಯಾರ ಕೈಲಿ? ಒಡೆಯನ ಕೈಲೇ!

ಫ್ಯಾನಿ ಹುಟ್ಟಿದ್ದು 1917ರಲ್ಲಿ. ತಾಯಿಗೆ ಇಪ್ಪತ್ತನೆಯ ಮಗು. ಆರನೇ ವಯಸ್ಸಿಗೇ ಹತ್ತಿ ಹೊಲಕ್ಕೆ ಇಳಿದಳು.

1962ರ ಆಗಸ್ಟ್ 31ರಂದು ಆಕೆ ವೋಟರ ಪಟ್ಟಿಗೆ ಹೆಸರು ಬರೆಸಲು ಹೋದಳು. ಅಲ್ಲಿ ಓದು ಬರಹದ ಪರೀಕ್ಷೆ ಇತ್ತು. ಆಕೆಗೆ ಓದಲು, ಬರೆಯಲು ಬರುತ್ತಿತ್ತು. ಆದರೆ ಅಧಿಕಾರಿ ರಾಜ್ಯದ ಸಂವಿಧಾನದ ಒಂದು ಕಲಮು ತೋರಿಸಿ, ಅದರ ಅರ್ಥ ಬರೆ ಅಂದ. ಕಾನೂನು ಓದಿದವರಿಗೂ ತಿಣುಕಾಡುವಂಥ ಪ್ರಶ್ನೆ! ಕರಿಯರನ್ನು ಹೊರಗಿಡಲೆಂದೇ ಮಾಡಿದ ಉಪಾಯ ಅದು. ಅಕ್ಷರವನ್ನೇ ಬೇಲಿ ಮಾಡಿದರು ಅಂತ ನಾವು ಹೇಳುತ್ತೇವೆ. ಫ್ಯಾನಿ ಫೇಲಾದಳು. ಮನೆಗೆ ಬಂದ ಮೇಲೆ ಒಡೆಯ ಬಂದ. ಅರ್ಜಿ ವಾಪಸು ತಗೋ, ಇಲ್ಲವೇ ಜಾಗ ಬಿಡು ಅಂದ. 18 ವರ್ಷ ದುಡಿದ ಜಾಗ. ಅಂದು ರಾತ್ರಿಯೇ ಬಿಟ್ಟಳು. ಮತ್ತೆ ಪರೀಕ್ಷೆಗೆ ಕೂತು, 1963ರ ಜನವರಿಯಲ್ಲಿ ಪಾಸಾದಳು. ಅದೇ ವರ್ಷ ಜೈಲಿನಲ್ಲಿ ಆಕೆಗೆ ಬಿದ್ದ ಏಟು ಸಾಯುವವರೆಗೂ ಕಾಡಿತು. 1965ರಲ್ಲಿ ಹೊಸ ಕಾನೂನು ಬಂದು ಅಂಥ ಪರೀಕ್ಷೆಗಳನ್ನು ತಡೆಯಿತು.

ವೋಟೇನೋ ಬಂತು. ಊಟ? ಹತ್ತಿ ಬಿಡಿಸುವ ಯಂತ್ರ ಬಂದು ಕೂಲಿ ಹೋಗಿತ್ತು. ವೋಟು ಕೇಳಿದವರ ಹೊಟ್ಟೆಗೆ ಹೊಡೆಯುವುದೂ ಇತ್ತು. ಪಕ್ಕದ ಲೆಫ್ಲೋರ್ ಕೌಂಟಿಯಲ್ಲಿ 1962ರ ಚಳಿಗಾಲದಲ್ಲಿ ಸರ್ಕಾರದ ಪುಕ್ಕಟೆ ದಿನಸಿ ಹಂಚುವುದನ್ನೇ ನಿಲ್ಲಿಸಿದ್ದರು. ನಮ್ಮ ಅನ್ನ ನಾವೇ ಬೆಳೆಯದೆ ಇದ್ದರೆ ಹೆದರಿಕೆ ತಪ್ಪದು ಎಂದು ಫ್ಯಾನಿಗೆ ಅನ್ನಿಸಿತು.

ಆಗ ಶುರುವಾದದ್ದೇ ಹಂದಿಯ ಬ್ಯಾಂಕು. ಕರಿಯ ಹೆಂಗಸರ ರಾಷ್ಟ್ರೀಯ ಮಂಡಳಿ ಹಂದಿಗಳನ್ನು ಕೊಡಿಸಿತು. ಬಡ ಮನೆಗೆ ಒಂದು ಗಬ್ಬದ ಹಂದಿ. ಅದು ಈದ ಮೇಲೆ ಎರಡು ಮರಿ ಬ್ಯಾಂಕಿಗೆ ವಾಪಸು. ಉಳಿದವು ಮನೆಯವರಿಗೆ. ಬಡ್ಡಿ ಇಲ್ಲ. ಲೆಕ್ಕ ಹಾಕಿ ನೋಡಿ: ಹತ್ತು ಮನೆಯಿಂದ ಎಷ್ಟು ಮರಿ ಬಂತು? ಅವು ಎಷ್ಟು ಹೊಸ ಮನೆಗೆ ಹೋದವು?

1969ರಲ್ಲಿ 40 ಎಕರೆ ಕೊಂಡು ಸಹಕಾರಿ ಬೇಸಾಯ ಶುರು ಮಾಡಿದರು. ಮುಂದೆ ಇನ್ನೂ 640 ಎಕರೆ ಸೇರಿತು. ಸಾಲ ತೀರಿಸಲು ಹತ್ತಿ, ಸೋಯಾ ಬೆಳೆದರು. ಹೊಟ್ಟೆಗೆ ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಬೆಂಡೆಕಾಯಿ, ಸೊಪ್ಪು. ಬೆಂಡೆಕಾಯಿಗೆ ಅಲ್ಲಿ ಓಕ್ರಾ ಅನ್ನುತ್ತಾರೆ. ಬೆಂಡೆ, ಅಲಸಂದೆ ಎರಡೂ ಗುಲಾಮರ ಕಾಲದಲ್ಲಿ ಆಫ್ರಿಕಾದಿಂದ ಅಲ್ಲಿಗೆ ಹೋದವು. ಇನ್ನೊಂದು ಕೊಲ್ಲಾರ್ಡ್ ಸೊಪ್ಪು. ಎಲೆಕೋಸಿನ ಜಾತಿ, ಆದರೆ ಗಡ್ಡೆ ಕಟ್ಟುವುದಿಲ್ಲ. ಉಪ್ಪು ಹಾಕಿಟ್ಟ ಹಂದಿಮಾಂಸದ ಚೂರು ಸೇರಿಸಿ ನಿಧಾನವಾಗಿ ಬೇಯಿಸುತ್ತಾರೆ. ಆ ಕಟ್ಟನ್ನು ಚೆಲ್ಲುವುದಿಲ್ಲ. ಮೆಕ್ಕೆಜೋಳದ ರೊಟ್ಟಿಯನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಸೊಪ್ಪಿಗಿಂತ ಕಟ್ಟೇ ರುಚಿ ಅನ್ನುವವರೂ ಉಂಟು!

ಸಂಘದ ಚಂದಾ ತಿಂಗಳಿಗೆ ಒಂದು ಡಾಲರು. ಅದನ್ನೂ ಕೊಡಲಾಗದ ಮನೆಗಳೇ ಹೆಚ್ಚು. ಅವರಿಗೂ ತರಕಾರಿ ಸಿಗುತ್ತಿತ್ತು.

ಆಮೇಲೆ ಬರ ಬಂತು, ನೆರೆ ಬಂತು. ಸಾಲ, ಕಂದಾಯ ಬಾಕಿ ಬೆಳೆಯಿತು. ಫ್ಯಾನಿಗೆ ಕಾಯಿಲೆ. 1976ರಲ್ಲಿ ಭೂಮಿ ಕೈಬಿಟ್ಟಿತು. 1977ರ ಮಾರ್ಚಿನಲ್ಲಿ ಆಕೆ ತೀರಿಕೊಂಡಳು. ಅಷ್ಟರಲ್ಲಿ ಬ್ಯಾಂಕಿನ ಮರಿಗಳು ನೂರಾರು ಮನೆಗಳ ಹಿತ್ತಿಲು ಸೇರಿದ್ದವು.