ಹಿತ್ತಲ ಗಿಡ, ಹೊಲದ ಕೂಳೆ: ದನಕರುಗಳಿಗೆ ವಿಷವಾಗುವ ಸಸ್ಯಗಳು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಈ ಗಾದೆಯಲ್ಲಿ ಪಶುಪಾಲಕರಿಗೆ ಒಂದು ಪಾಠವಿದೆ. ಆಡು ಎಲ್ಲ ಸೊಪ್ಪನ್ನೂ ಮುಟ್ಟುತ್ತದೆ, ಆದರೆ ಒಂದನ್ನೇ ಹೊಟ್ಟೆ ತುಂಬ ತಿನ್ನುವುದು ಕಡಿಮೆ. ಇಲ್ಲೊಂದು ಬಾಯಿ, ಅಲ್ಲೊಂದು ಬಾಯಿ ಕಡಿದು ಮುಂದೆ ಸಾಗುತ್ತದೆ. ವಿಷದ ಗಿಡ ಬಾಯಿಗೆ ಬಂದರೂ ಅನೇಕ ವೇಳೆ ಅದು ಪಾರಾಗುವುದು ಈ ಗುಣದಿಂದಲೇ. ಆಕಳು, ಎತ್ತು, ಎಮ್ಮೆಗಳ ರೀತಿ ಬೇರೆ. ಅವು ನಾಲಿಗೆ ಸುತ್ತಿ ಮೇವನ್ನು ಎಳೆದು, ಸರಿಯಾಗಿ ಅಗಿಯದೆ ನುಂಗಿ, ನಂತರ ಮೆಲುಕು ಹಾಕುತ್ತವೆ. ತಿಂದದ್ದು ವಿಷವೆಂದು ತಿಳಿಯುವ ಹೊತ್ತಿಗೆ ಅದು ಹೊಟ್ಟೆ ಸೇರಿರುತ್ತದೆ.

ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳಲ್ಲಿ ಒಂದು ಜೋಡಿ ಎತ್ತು ಅಥವಾ ಹಾಲು ಕೊಡುವ ಒಂದು ಆಕಳು ಸತ್ತರೆ ಆ ಕುಟುಂಬ ವರ್ಷಗಟ್ಟಲೆ ಚೇತರಿಸಿಕೊಳ್ಳಲಾರದು. ದೀಪಾವಳಿಯ ಹೋರಿ ಹಬ್ಬಕ್ಕೆಂದು ಮಕ್ಕಳಂತೆ ಸಾಕಿದ ಹೋರಿಗಳ ಬೆಲೆಯನ್ನಂತೂ ಹೇಳಬೇಕಾಗಿಲ್ಲ. ಇಂಥ ಸಾವುಗಳಲ್ಲಿ ಕೆಲವಕ್ಕೆ ಕಾರಣ ರೋಗವಲ್ಲ, ನಮ್ಮ ಹಿತ್ತಲಲ್ಲಿ, ಬದುವಿನಲ್ಲಿ, ಹೊಲದಲ್ಲಿ ಬೆಳೆಯುವ ಸಾಮಾನ್ಯ ಸಸ್ಯಗಳು.

ದನ ವಿಷದ ಗಿಡವನ್ನು ಏಕೆ ತಿನ್ನುತ್ತದೆ?

ಹೊಟ್ಟೆ ತುಂಬಿದ ದನ ವಿಷದ ಗಿಡವನ್ನು ಸಾಮಾನ್ಯವಾಗಿ ಮೂಸಿ ಬಿಟ್ಟುಬಿಡುತ್ತದೆ. ಕಹಿ, ಕಟುವಾಸನೆ, ಹಾಲಿನಂಥ ಸೊನೆ ಇವೇ ಅದಕ್ಕೆ ಎಚ್ಚರಿಕೆ. ಈ ಎಚ್ಚರಿಕೆ ಕೆಲಸ ಮಾಡದ ಸಂದರ್ಭಗಳು ಮುಖ್ಯವಾಗಿ ನಾಲ್ಕು:

1. ಬರಗಾಲದಲ್ಲಿ ಅಥವಾ ಬೇಸಿಗೆಯ ಕೊನೆಯಲ್ಲಿ ಬೇರೆ ಹಸಿರು ಸಿಗದಿದ್ದಾಗ.
2. ಬೇಲಿಯ ಪಕ್ಕದಲ್ಲಿ ಗಿಡ್ಡ ಹಗ್ಗದಿಂದ ಕಟ್ಟಿ, ಆಯ್ಕೆಗೆ ಅವಕಾಶವೇ ಇಲ್ಲದಿದ್ದಾಗ.
3. ವಿಷದ ಗಿಡ ಮೇವಿನೊಡನೆ ಸೇರಿ ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ ಬಂದಾಗ, ಅಥವಾ ಬಾಡಿ ಒಣಗಿ ತನ್ನ ವಾಸನೆ ಕಳೆದುಕೊಂಡಾಗ.
4. ಬೇರೆ ಊರಿನ ಸಂತೆಯಿಂದ ತಂದ ದನಕ್ಕೆ ಇಲ್ಲಿಯ ಗಿಡಗಳ ಪರಿಚಯ ಇಲ್ಲದಿದ್ದಾಗ.

ಗಮನಿಸಿ ನೋಡಿದರೆ ಈ ನಾಲ್ಕರಲ್ಲೂ ಮನುಷ್ಯರ ಕೈ ಇದೆ. ಆದ್ದರಿಂದ ಊರಿನ ವಿಷದ ಗಿಡಗಳನ್ನೆಲ್ಲ ಕಿತ್ತು ಹಾಕುವುದು ಪರಿಹಾರವಲ್ಲ, ಅದು ಸಾಧ್ಯವೂ ಇಲ್ಲ. ಈ ಸಂದರ್ಭಗಳು ಬಾರದಂತೆ ನೋಡಿಕೊಳ್ಳುವುದೇ ಪರಿಹಾರ.

ಎಲ್ಲಕ್ಕಿಂತ ಅಪಾಯಕಾರಿ: ಎಳೆಯ ಜೋಳ ಮತ್ತು ಕೂಳೆ ಜೋಳ

ನಾವೇ ಬಿತ್ತುವ, ಪ್ರೀತಿಯಿಂದ ದನಕ್ಕೆ ಹಾಕುವ ಜೋಳವೇ ಈ ಪಟ್ಟಿಯಲ್ಲಿ ಮೊದಲನೆಯದು. ಇಂದು ಈ ಭಾಗದಲ್ಲಿ ಮುಂಗಾರಿಗೆ ಗೋವಿನಜೋಳದ ಬೆಳೆಯೇ ಹೆಚ್ಚು. ಆದರೂ ಮೇವಿಗಾಗಿ ಜೋಳ ಬಿತ್ತುವುದು, ಕೊಯ್ಲಾದ ಮೇಲೆ ಕೂಳೆ ಚಿಗುರಿಗೆ ದನ ಬಿಡುವುದು ನಿಂತಿಲ್ಲ.

ಎಳೆಯ ಜೋಳದಲ್ಲಿ ಧುರ್ರಿನ್ ಎಂಬ ವಸ್ತುವಿದೆ. ಅದು ಗಿಡದಲ್ಲಿದ್ದಾಗ ನಿರುಪದ್ರವಿ. ದನ ಅಗಿದಾಗ, ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ, ಹೈಡ್ರೋಸಯನಿಕ್ ಆಮ್ಲ ಹೊರಬರುತ್ತದೆ. ಈ ವಿಷ ರಕ್ತಕ್ಕೆ ಸೇರಿದೊಡನೆ ಶರೀರದ ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳಲಾರವು. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ದನ ಉಸಿರುಗಟ್ಟಿ ಸಾಯುತ್ತದೆ. ಆದ್ದರಿಂದಲೇ ರಕ್ತ ಕಡುಗೆಂಪಾಗಿ ಹೊಳೆಯುತ್ತಿರುತ್ತದೆ.

ಲೆಕ್ಕ ಹಾಕಿ ನೋಡೋಣ. ದನದ ತೂಕದ ಪ್ರತಿ ಕಿಲೋಗೆ ಸುಮಾರು 2 ಮಿಲಿಗ್ರಾಂ ವಿಷ ಪ್ರಾಣಾಂತಿಕ. 300 ಕಿಲೋ ತೂಗುವ ಎತ್ತಿಗೆ 600 ಮಿಲಿಗ್ರಾಂ ಸಾಕು. ಹಸಿ ಮೇವಿನಲ್ಲಿ ದಶಲಕ್ಷಕ್ಕೆ 200 ಭಾಗ ವಿಷವಿದ್ದರೆ, ಅಂದರೆ ಕಿಲೋಗೆ 200 ಮಿಲಿಗ್ರಾಂ ಇದ್ದರೆ, ಇಷ್ಟು ವಿಷ 3 ಕಿಲೋ ಮೇವಿನಲ್ಲೇ ಸಿಗುತ್ತದೆ. ನಿಧಾನವಾಗಿ ತಿಂದರೆ ಯಕೃತ್ತು ಸ್ವಲ್ಪ ಸ್ವಲ್ಪವೇ ವಿಷವನ್ನು ನಿವಾರಿಸಿಕೊಳ್ಳುತ್ತದೆ. ಹಸಿದ ಎತ್ತಿಗೆ 3 ಕಿಲೋ ಎಳೆ ಚಿಗುರು ಮುಗಿಸಲು ಹೆಚ್ಚು ಹೊತ್ತು ಬೇಡ. ಒಂದೇ ಹೊಲದಲ್ಲಿ ಮೇದ ಹತ್ತು ದನಗಳಲ್ಲಿ ಹೆಚ್ಚು ಹಸಿದದ್ದೇ ಮೊದಲು ಬೀಳುವುದು ಈ ಕಾರಣದಿಂದ.

ವಿಷದ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಸಮನಾಗಿರುವುದಿಲ್ಲ. ಮೊಳಕೆಯೊಡೆದ ಕೆಲವು ವಾರಗಳಲ್ಲಿ ಅತಿ ಹೆಚ್ಚು, ಬೆಳೆ ಬಲಿತಂತೆ ಇಳಿಯುತ್ತದೆ. ದಂಟಿಗಿಂತ ಎಲೆಯಲ್ಲಿ ಹೆಚ್ಚು. ಮಳೆ ಕೈಕೊಟ್ಟು ಕುಂಠಿತವಾದ ಬೆಳೆಯಲ್ಲಿ ಹೆಚ್ಚು. ಯೂರಿಯಾವನ್ನು ಒಮ್ಮೆಲೇ ಧಾರಾಳವಾಗಿ ಹಾಕಿದರೆ ಇನ್ನೂ ಹೆಚ್ಚು. ಬಾಡಿದ ಬೆಳೆಗೆ ಮಳೆ ಬಿದ್ದು ಒಡೆಯುವ ಹೊಸ ಚಿಗುರಿನಲ್ಲಿ ಬಹಳ ಹೆಚ್ಚು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಲ್ಲಿ, ಹೇಗೂ ಕೈಗೆ ಬಾರದ ಬೆಳೆಯನ್ನು ದನವಾದರೂ ಮೇಯಲಿ ಎಂದು ಬಿಡುವುದು ಸಹಜ. ಅಪಾಯ ಇರುವುದೂ ಅಲ್ಲಿಯೇ.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಅಂಶವಿದೆ. ಕೂಳೆ ಚಿಗುರಿನ ವಯಸ್ಸನ್ನು ಬಿತ್ತಿದ ದಿನದಿಂದ ಎಣಿಸಬಾರದು. ಬೇರು ನಾಲ್ಕು ತಿಂಗಳದ್ದಾದರೂ ಚಿಗುರು ಹತ್ತು ದಿನದ್ದು, ಅದರಲ್ಲಿರುವ ವಿಷವೂ ಹತ್ತು ದಿನದ ಎಳೆ ಪೈರಿನಂತೆಯೇ.

ಆದ್ದರಿಂದ ಹಸಿ ಜೋಳವನ್ನು ಅರ್ಧದಷ್ಟು ಪೈರು ಹೂ ಬಿಟ್ಟ ಮೇಲೆ ಮಾತ್ರ ಕೊಯ್ದು ಹಾಕಬೇಕು. ಹೂ ಬಿಡುವ ಲಕ್ಷಣವಿಲ್ಲದ ಬರದ ಬೆಳೆಯನ್ನು ಕೊಯ್ದು, ತೆಳುವಾಗಿ ಹರಡಿ, ಹಲವು ದಿನ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿದರೆ ವಿಷ ಬಹುಮಟ್ಟಿಗೆ ಇಳಿಯುತ್ತದೆ. ಕೊಯ್ದು ಒಂದು ರಾತ್ರಿ ಗುಡ್ಡೆ ಹಾಕಿ ಬಾಡಿಸುವುದು ಸಾಲದು. ರಸಮೇವು ಮಾಡಿದಾಗಲೂ ವಿಷ ಕಡಿಮೆಯಾಗುತ್ತದೆ. ಬೇಗನೆ ಹಸಿ ಮೇವು ಬೇಕೆನ್ನುವವರು ಜೋಳದ ಬದಲು ಸಜ್ಜೆ ಅಥವಾ ಗೋವಿನಜೋಳವನ್ನು ಬಿತ್ತುವುದು ಲೇಸು. ಸಜ್ಜೆಯಲ್ಲಿ ಈ ವಿಷವಿಲ್ಲ, ಗೋವಿನಜೋಳದಲ್ಲಿ ಇದರ ಭಯ ಇಲ್ಲವೆನ್ನಬಹುದು. ಆದರೆ ಯೂರಿಯಾ ಹೆಚ್ಚಾಗಿ ಹಾಕಿ ಮಳೆಯಿಲ್ಲದೆ ಸೊರಗಿದ ಸಜ್ಜೆ, ಗೋವಿನಜೋಳಗಳಲ್ಲಿ ನೈಟ್ರೇಟ್ ಶೇಖರವಾಗುತ್ತದೆ, ಅದೂ ದನಕ್ಕೆ ಮಾರಕ. ಯೂರಿಯಾವನ್ನು ಕಂತುಗಳಲ್ಲಿ, ತೇವ ನೋಡಿ ಕೊಡುವುದರಿಂದ ಎರಡೂ ಅಪಾಯ ತಗ್ಗುತ್ತವೆ.

ಬದುವಿನ ಲಂಟಾನ

ಹಳದಿ, ಕೆಂಪು, ಗುಲಾಬಿ ಬಣ್ಣದ ಸಣ್ಣ ಹೂಗಳ ಗೊಂಚಲು, ತಿಕ್ಕಿದರೆ ಕಟುವಾಸನೆ ಬರುವ ಒರಟು ಎಲೆ, ಮುಳ್ಳಿನ ಕಾಂಡ. ಇದು ಲಂಟಾನ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದದ್ದು ಈಗ ಬದು, ಹಳ್ಳ, ಗುಡ್ಡಗಳಲ್ಲೆಲ್ಲ ಹಬ್ಬಿದೆ.

ಜೋಳದ ವಿಷ ನಿಮಿಷಗಳಲ್ಲಿ ಕೊಂದರೆ ಲಂಟಾನ ದಿನಗಳಲ್ಲಿ ಕೊಲ್ಲುತ್ತದೆ. ಅದರ ವಿಷ ಯಕೃತ್ತನ್ನು ಕೆಡಿಸಿ ಪಿತ್ತರಸದ ಹರಿವನ್ನು ತಡೆಯುತ್ತದೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಬಿಸಿಲು ಸಹಿಸದೆ ನೆರಳು ಹುಡುಕುತ್ತದೆ. ಮೂತಿ, ಕಿವಿ, ಕೆಚ್ಚಲು ಮತ್ತು ಬಿಳಿ ಚರ್ಮದ ಭಾಗಗಳು ಕೆಂಪಾಗಿ ಸುಲಿಯುತ್ತವೆ. ಬಿಳಿ ಮಚ್ಚೆಯ ಮಿಶ್ರತಳಿ ಆಕಳುಗಳಲ್ಲಿ ಇದು ಎದ್ದು ಕಾಣುತ್ತದೆ. ಹೊಟ್ಟೆಯ ಚಲನೆ ನಿಲ್ಲುವುದರಿಂದ ತಿಂದ ಸೊಪ್ಪು ಒಳಗೇ ಉಳಿದು ವಿಷ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಆದ್ದರಿಂದ ತಾನಾಗಿ ಸರಿಹೋದೀತೆಂದು ಕಾಯದೆ, ದನವನ್ನು ನೆರಳಲ್ಲಿ ಕಟ್ಟಿ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ಹಿತ್ತಲಿನ ಗಿಡಗಳು

ಕಣಗಿಲ: ದೇವರ ಪೂಜೆಗೆಂದು ಮನೆಮನೆಯಲ್ಲಿ ಬೆಳೆಸುವ ಗಿಡ. ಹೆದ್ದಾರಿಗಳ ನಡುಪಟ್ಟಿಯಲ್ಲೂ ಇದನ್ನು ನೆಡುತ್ತಾರೆ. ಇದರ ಎಲೆ, ಹೂ, ತೊಗಟೆ, ಬೇರು ಎಲ್ಲವೂ ವಿಷ, ಹೃದಯದ ಬಡಿತವನ್ನು ಕೆಡಿಸುವಂಥವು. ದನದ ತೂಕದ ಪ್ರತಿ ಕಿಲೋಗೆ ಸುಮಾರು 50 ಮಿಲಿಗ್ರಾಂ ಒಣ ಎಲೆ ಸಾವು ತರಬಲ್ಲದು. 300 ಕಿಲೋ ತೂಕದ ದನಕ್ಕೆ ಇದು ಕೇವಲ 15 ಗ್ರಾಂ, ಒಂದು ಹಿಡಿ ಎಲೆ. ಒಣಗಿದರೂ ವಿಷ ಹೋಗುವುದಿಲ್ಲ, ಕಹಿ ಮಾತ್ರ ತಗ್ಗುತ್ತದೆ. ಹಸಿ ಗಿಡವನ್ನು ಬಿಟ್ಟು ಹೋಗುವ ದನ, ಸವರಿ ಬಿಸಾಡಿದ ಟೊಂಗೆಯ ಒಣ ಎಲೆಯನ್ನು ತಿನ್ನುವುದುಂಟು. ಸವರಿದ ಟೊಂಗೆಗಳನ್ನೂ ದೇವರಿಗೆ ಏರಿಸಿದ ಹೂಮಾಲೆಗಳನ್ನೂ ತಿಪ್ಪೆಗಾಗಲಿ ದಾರಿಗಾಗಲಿ ಎಸೆಯದೆ ಹುಗಿಯಬೇಕು. ಹೋರಿಗಳನ್ನು ಸಿಂಗರಿಸುವಾಗ ಈ ಹೂವನ್ನು ಬಳಸಬಾರದು. ಹಳದಿ ಹೂವಿನ ಕಾಡು ಕಣಗಿಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಔಡಲ: ಮೆಣಸಿನಕಾಯಿ ಮತ್ತು ಹತ್ತಿ ಹೊಲಗಳ ಅಂಚಿಗೆ ಎಲೆ ತಿನ್ನುವ ಹುಳುವನ್ನು ಸೆಳೆಯಲೆಂದು ಔಡಲ ಬಿತ್ತುವುದು ಒಳ್ಳೆಯ ಪದ್ಧತಿ. ಆದರೆ ಅದರ ಬೀಜದಲ್ಲಿ ರಿಸಿನ್ ಎಂಬ ಉಗ್ರ ವಿಷವಿದೆ. ಎಣ್ಣೆ ತೆಗೆದಾಗ ಅದು ಹಿಂಡಿಯಲ್ಲಿ ಉಳಿಯುತ್ತದೆ. ಗಿಡಗಳ ಬುಡಕ್ಕೆ ಹಾಕಿದ ಔಡಲ ಹಿಂಡಿಯ ವಾಸನೆಗೆ ಮನೆಯ ನಾಯಿ ಬಂದು ಕೆದರಿ ತಿನ್ನುತ್ತದೆ. ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ವಾಂತಿ ಮತ್ತು ರಕ್ತಭೇದಿ ಕಾಣುತ್ತವೆ. ಹಿಂಡಿಯನ್ನು ಮಣ್ಣಿನಲ್ಲಿ ಆಳವಾಗಿ ಬೆರೆಸಿ ಮುಚ್ಚಬೇಕು. ಚೀಲವನ್ನು ದನದ ಹಿಂಡಿಯ ಜೊತೆಗೆ ಇಡಬಾರದು.

ಗುಲಗಂಜಿ: ಕೆಂಪು ಮೈ, ಕಪ್ಪು ಕಣ್ಣಿನ ಈ ಬೀಜ ಇಡಿಯಾಗಿ ನುಂಗಿದರೆ ಗಟ್ಟಿ ಸಿಪ್ಪೆಯಿಂದಾಗಿ ಬಹುಶಃ ಹಾಗೆಯೇ ಹೊರಬೀಳುತ್ತದೆ. ಅಗಿದರೆ, ಅರೆದರೆ ಪ್ರಾಣಾಂತಿಕ. ಮಕ್ಕಳ ಕೈಗೂ ಸಿಗದಂತೆ ನೋಡಿಕೊಳ್ಳಬೇಕು.

ದತ್ತೂರಿ: ತಿಪ್ಪೆಯ ಬದಿಯಲ್ಲಿ ಬೆಳೆಯುವ ಈ ಗಿಡವನ್ನು ದನ ತಾನಾಗಿ ತಿನ್ನುವುದು ಅಪರೂಪ. ಹುಲ್ಲಿನೊಡನೆ ಕೊಯ್ದು ಬಂದಾಗ ಅಪಾಯ. ಬಾಯಿ ಒಣಗುವುದು, ಕಣ್ಣಿನ ಪಾಪೆ ಅರಳುವುದು, ದಿಕ್ಕುಗೆಟ್ಟಂತೆ ನಡೆಯುವುದು ಇದರ ಲಕ್ಷಣಗಳು.

ಹತ್ತಿಕಾಳು ಮತ್ತು ಬಣ್ಣದ ಬೀಜ

ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ಬೆಳೆದ ಆಕಳು, ಎಮ್ಮೆಗಳು ಮಿತವಾಗಿ ತಿಂದರೆ ಹೊಟ್ಟೆಯಲ್ಲೇ ಅದು ನಿಷ್ಕ್ರಿಯವಾಗುತ್ತದೆ. ಎಳೆಗರುಗಳಿಗೆ ಆ ಶಕ್ತಿ ಬಂದಿರುವುದಿಲ್ಲ. 4 ತಿಂಗಳೊಳಗಿನ ಕರುಗಳಿಗೂ ಕೋಳಿಗಳಿಗೂ ಹತ್ತಿಕಾಳು ಹಾಕಬಾರದು.

ಬಿತ್ತಿ ಉಳಿದ ಹತ್ತಿ, ಗೋವಿನಜೋಳದ ಬಣ್ಣದ ಬೀಜದ ವಿಷಯ ಬೇರೆ. ಅದು ಕೀಟನಾಶಕ ಅಥವಾ ಶಿಲೀಂಧ್ರನಾಶಕ ಲೇಪಿಸಿದ್ದು. ತೊಳೆದರೂ, ಒಣಗಿಸಿದರೂ ಯಾವ ಪ್ರಾಣಿಗೂ ಹಾಕಬಾರದು. ಹಾಗೆಯೇ ಔಷಧ ಸಿಂಪಡಿಸಿದ ಮೆಣಸಿನಕಾಯಿ ಹೊಲದ ಬದುವಿನ ಹುಲ್ಲನ್ನು ಕೊಯ್ದು ತರಬಾರದು. ಹಲವು ಕೀಟನಾಶಕಗಳ ವಿಷದಲ್ಲಿ ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಇದನ್ನು ಗಿಡದ ವಿಷವೆಂದು ತಿಳಿದು ಸಮಯ ಕಳೆಯಬಾರದು.

ದನ ಬಿದ್ದಾಗ ಏನು ಮಾಡಬೇಕು?

ಹಸಿ ಜೋಳ ಮೇದ ಅರ್ಧ ಗಂಟೆಯೊಳಗೆ ದನ ಏದುಸಿರು ಬಿಡುತ್ತಾ, ತೂರಾಡುತ್ತಾ, ನಡುಗಿ ಬಿದ್ದರೆ ಹೈಡ್ರೋಸಯನಿಕ್ ಆಮ್ಲವೇ ಕಾರಣವೆಂದು ತಿಳಿದು ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ ದೂರವಾಣಿ ಸಂಖ್ಯೆ 1962. ಈ ವಿಷಕ್ಕೆ ನಿಶ್ಚಿತವಾದ ಮದ್ದುಂಟು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ದ್ರಾವಣಗಳನ್ನು ವೈದ್ಯರು ರಕ್ತನಾಳಕ್ಕೆ ಕೊಡುತ್ತಾರೆ. ಸಕಾಲದಲ್ಲಿ ಕೊಟ್ಟರೆ ಬಿದ್ದ ದನ ಎದ್ದು ನಿಲ್ಲುವುದುಂಟು. ಮೊದಲ ಒಂದೆರಡು ಗಂಟೆ ದಾಟಿದ ದನ ಸಾಮಾನ್ಯವಾಗಿ ಬದುಕುತ್ತದೆ. ವೈದ್ಯರು ಬರುವ ತನಕ:

1. ಉಳಿದ ದನಗಳನ್ನು ಆ ಹೊಲದಿಂದ ಅಥವಾ ಗೋದಲಿಯಿಂದ ಒಡನೆ ಬೇರ್ಪಡಿಸಿ, ಒಣ ಮೇವು ಹಾಕಿ.
2. ಬಿದ್ದ ದನವನ್ನು ಎಳೆದಾಡಬೇಡಿ, ಓಡಿಸಬೇಡಿ. ತಲೆ ಎತ್ತರಕ್ಕೆ ಇರುವಂತೆ ಎದೆಯ ಮೇಲೆ ಮಲಗಿಸಿ.
3. ನುಂಗಲಾರದ ದನಕ್ಕೆ ಗೊಟ್ಟದಿಂದ ಮಜ್ಜಿಗೆ, ಎಣ್ಣೆ, ಉಪ್ಪು ನೀರು ಹುಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ವಿಷದಿಂದ ಉಳಿದ ದನವೂ ಸಾಯುತ್ತದೆ.
4. ತಿಂದ ಗಿಡದ ಒಂದು ಟೊಂಗೆಯನ್ನು ತೆಗೆದಿಡಿ. ಎಷ್ಟು ಹೊತ್ತಿಗೆ ತಿಂದಿತು, ಎಷ್ಟು ಹೊತ್ತಿಗೆ ಬಿತ್ತು ಎಂಬುದನ್ನು ವೈದ್ಯರಿಗೆ ಹೇಳಿ.
5. ದನ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿಸಿ. ವಿಮೆಗೂ ಬೇಕು, ಉಳಿದ ದನಗಳ ರಕ್ಷಣೆಗೂ ಬೇಕು. ಹೆಣವನ್ನು ನಾಯಿಗಳು ಎಳೆಯದಂತೆ ಆಳವಾಗಿ ಹುಗಿಯಿರಿ.

ನೆನಪಿಡತಕ್ಕ ಅಂಶಗಳು

* ಹಸಿದ ದನವನ್ನು ಮೇಯಲು ಬಿಡಬೇಡಿ. ಮೊದಲು ಒಂದಿಷ್ಟು ಕಣಕಿ ಅಥವಾ ಹೊಟ್ಟು ತಿನ್ನಿಸಿ.
* ಹೂ ಬಿಡದ ಜೋಳ, ಕೂಳೆ ಚಿಗುರು, ಬರದ ನಂತರದ ಹೊಸ ಚಿಗುರು ಈ ಮೂರೂ ಹಸಿಯಾಗಿ ಬೇಡ.
* ಹುಲ್ಲನ್ನು ಕತ್ತರಿಸುವ ಯಂತ್ರಕ್ಕೆ ಕೊಡುವ ಮೊದಲು ಕಟ್ಟು ಬಿಚ್ಚಿ ನೋಡಿ.
* ಬೇಲಿ, ಹೂಗಿಡ ಸವರಿದ ದಿನವೇ ಟೊಂಗೆಗಳನ್ನು ವಿಲೇವಾರಿ ಮಾಡಿ.
* ಸಂತೆಯಿಂದ ತಂದ ದನವನ್ನು ಮೊದಲ ಕೆಲವು ವಾರ ಕಟ್ಟಿ ಮೇಯಿಸಿ.

ಬೇಸಿಗೆಗೆಂದು ಒಣ ಮೇವಿನ ಒಂದು ಬಣವಿಯನ್ನು ಹೆಚ್ಚಾಗಿ ಒಟ್ಟಿಟ್ಟುಕೊಂಡ ರೈತನಿಗೆ ಈ ವಿಷಗಳ ಭಯ ಬಹಳ ಕಡಿಮೆ. ಸುಗ್ಗಿಯಲ್ಲಿ ಕಣಕಿಯನ್ನೂ ಗೋವಿನಜೋಳದ ದಂಟನ್ನೂ ಹೊಲದಲ್ಲಿ ಸುಡದೆ ಕೂಡಿಡುವುದೇ ದನಕರುಗಳನ್ನು ವಿಷದಿಂದ ಕಾಯುವ ಮೊದಲ ಹೆಜ್ಜೆ.