ಓಟದ ಗೆಲುವಿಗೆ ಬೇಕಾದ ಬೇಸಾಯ



ನಮ್ಮ ಕೊಟ್ಟೂರು ಸೀಮೆಯಲ್ಲಿ ನಸುಕಿಗೇ ಎದ್ದು ರಸ್ತೆಯ ಮೇಲೆ ಓಡುವ ಹುಡುಗರನ್ನು ನೀವು ನೋಡಿರಬಹುದು. ಅವರಲ್ಲಿ ಹಲವರ ಗುರಿ ಪೊಲೀಸ್ ಇಲ್ಲವೆ ಸೈನ್ಯದ ಕೆಲಸ. ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗಳಲ್ಲಿ ಪುರುಷರಿಗೆ 1600 ಮೀಟರು ಓಟ, ಆರೂವರೆ ನಿಮಿಷದ ಗಡುವು ಇಡಲಾಗಿತ್ತು. ಅಂದರೆ 400 ಮೀಟರಿನ ನಾಲ್ಕು ಸುತ್ತು. ಒಂದೊಂದು ಸುತ್ತಿಗೆ 97.5 ಸೆಕೆಂಡು. ದಿನವೆಲ್ಲ ಕುಂಟೆ ಹೊಡೆಯುವ ಗಟ್ಟಿ ಹುಡುಗನೂ ಮೂರನೆಯ ಸುತ್ತಿಗೆ ಏದುಸಿರು ಬಿಡುವುದೇಕೆ? ಬೆಳೆಯ ಇಳುವರಿ ಒಂದೇ ಕಾರಣದಿಂದ ಬರುವುದಿಲ್ಲ. ಓಟವೂ ಹಾಗೆಯೇ.

1. ತಳಿ: ಮೈಕಟ್ಟು, ಎತ್ತರ, ಸ್ನಾಯುಗಳ ಗುಣ ಹೆತ್ತವರಿಂದ ಬರುತ್ತವೆ. ಕೆಲವರ ಸ್ನಾಯು ಗಿಡ್ಡ ಓಟದ ವೇಗಕ್ಕೆ ಒಗ್ಗಿದರೆ, ಕೆಲವರದು ದೂರದ ಓಟಕ್ಕೆ. ಇದನ್ನು ಬದಲಿಸಲಾಗದು. ಆದರೆ ಒಳ್ಳೆಯ ಬೀಜವಾದರೂ ಗೊಬ್ಬರ, ನೀರು ಇಲ್ಲದೆ ತೆನೆ ಕಟ್ಟದು. ನಮ್ಮ ಕೈಯಲ್ಲಿರುವುದು ಮುಂದಿನವು.

2. ಅಭ್ಯಾಸ: ದೇಹವು ಮಾಡಿದ ಕೆಲಸವನ್ನೇ ಕಲಿಯುತ್ತದೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ನಡೆದು ಬರುವವರಿಗೆ ದಿನಗಟ್ಟಲೆ ನಡೆಯುವ ಶಕ್ತಿಯುಂಟು. ಅವರೇ ವೇಗದ ಓಟ ಓಡಲಾರರು. ಹೊಲದ ದುಡಿಮೆ ರಟ್ಟೆಗೆ ಬಲ ಕೊಡುತ್ತದೆ, ಓಟಕ್ಕೆ ಬೇಕಾದ ಉಸಿರನ್ನು ಕೊಡದು. ಹೊಸ ಹೋರಿಯನ್ನು ಮೊದಲ ದಿನವೇ ಭಾರದ ಗಾಡಿಗೆ ಕಟ್ಟುವುದುಂಟೇ? ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸತಕ್ಕದ್ದು. ಒಂದು ದಿನ ನಿಧಾನದ ದೂರದ ಓಟ, ಇನ್ನೊಂದು ದಿನ 400 ಮೀಟರಿನ ವೇಗದ ಸುತ್ತುಗಳು, ನಡುವೆ ದಣಿವಾರಿಸಿಕೊಳ್ಳಬೇಕು. ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿ.

3. ಆಹಾರ: ಜೋಳದ ರೊಟ್ಟಿ ಓಡುವವನಿಗೆ ಒಳ್ಳೆಯ ಉರುವಲು. ಅದರ ಜೊತೆಗೆ ಶೇಂಗಾ, ಹೆಸರುಕಾಳು, ಹಾಲು ಅಥವಾ ಮೊಟ್ಟೆ ಇದ್ದರೆ ಸ್ನಾಯು ಬೆಳೆಯುತ್ತದೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಸ್ನಾಯುಗಳಿಗೆ ಪ್ರಾಣವಾಯು ಸಾಲದೆ ಬೇಗನೆ ಸುಸ್ತಾಗುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಹತ್ತುವುದು ಕಡಿಮೆ. ಬೀಡಿಯ ಹೊಗೆಯು ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನೇ ಕಸಿಯುತ್ತದೆ.

4. ನೆಲ ಮತ್ತು ಅಳತೆ: 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಲೆಕ್ಕ ಹಾಕಿದವರು 100 ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಮಾಡಿದ ವಿಶ್ವದಾಖಲೆ 9.58. ಆದರೆ ಗೌಡರನ್ನು ಕೋಣಗಳು ಎಳೆದೊಯ್ಯುತ್ತಿದ್ದವು. ಬೋಲ್ಟ್ ಒಬ್ಬನೇ ಓಡಿದ್ದ. ಎರಡೂ ದೊಡ್ಡ ಸಾಧನೆಗಳೇ, ಆದರೆ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದುದರಿಂದ ಪರೀಕ್ಷೆ ಎಂತಹ ನೆಲದಲ್ಲಿ ನಡೆಯುವುದೋ ಅಂತಹ ನೆಲದಲ್ಲೇ, ಅಳೆದ ದೂರದಲ್ಲಿ, ಗಡಿಯಾರ ಹಿಡಿದು ಓಡಿ ನೋಡಬೇಕು.

5. ನೀರು ಮತ್ತು ಬಿಸಿಲು: ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. 2024ರಲ್ಲಿ ಜಾರ್ಖಂಡ್ ರಾಜ್ಯದ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಯ 10 ಕಿಲೋಮೀಟರ್ ಓಟದ ಪರೀಕ್ಷೆಗಳ ವೇಳೆ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ದುಡಿಯುವ ಮೈ ಒಳಗಿನಿಂದಲೂ ಕಾಯುತ್ತದೆ. ನಮ್ಮ ಬೇಸಿಗೆಯಲ್ಲಿ ಅಭ್ಯಾಸ ಬೆಳಗಿನ ತಂಪಿನಲ್ಲೇ ನಡೆಯಲಿ. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಬಹಳ ಬೆವರಿದಾಗ ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಿರಿ. ಓಡುವವನು ತೊದಲಿದರೆ, ತೂರಾಡಿದರೆ, ದಿಕ್ಕು ತಪ್ಪಿದಂತೆ ಮಾತಾಡಿದರೆ, ಮೈ ಬೆವರುತ್ತಿದ್ದರೂ ಅದು ಅಪಾಯದ ಗುರುತು. ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿಯುತ್ತ 108ಕ್ಕೆ ಕರೆ ಮಾಡಿರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು.

6. ನಿದ್ದೆ: ಅಭ್ಯಾಸದಿಂದ ಸವೆದ ಸ್ನಾಯು ರಿಪೇರಿಯಾಗುವುದು ನಿದ್ದೆಯಲ್ಲಿ. ರಾತ್ರಿ ಕರೆಂಟು ಬಂದಾಗಲೆಲ್ಲ ಎದ್ದು ನೀರು ಕಟ್ಟಿದ ಹುಡುಗ ಬೆಳಿಗ್ಗೆ ಚೆನ್ನಾಗಿ ಓಡಲಾರ. ಪರೀಕ್ಷೆಯ ಹಿಂದಿನ ಒಂದು ವಾರ ಆ ಪಾಳಿಯನ್ನು ಮನೆಯ ಇನ್ನೊಬ್ಬರು ಹೊರಬೇಕು. ತಂದೆಯಾದವರು ಇಷ್ಟು ಮಾಡಿದರೆ ಅದೇ ದೊಡ್ಡ ಸಹಾಯ.

ಪ್ರತಿ ಹಳ್ಳಿಯ ಯುವಕ ಸಂಘವೂ ಶಾಲೆಯ ಬಯಲಿನಲ್ಲಿ 400 ಮೀಟರಿನ ಸುತ್ತನ್ನು ಹಗ್ಗ ಹಿಡಿದು ಅಳೆದು, ಸುಣ್ಣದ ಗೆರೆ ಎಳೆಯಲಿ. ಹುಡುಗರ ಸಮಯವನ್ನು ವಾರಕ್ಕೊಮ್ಮೆ ಬರೆದಿಡಲಿ. ಇಳುವರಿಯ ಲೆಕ್ಕ ಬರೆಯುವ ರೈತನೇ ಮುಂದಿನ ವರ್ಷ ಹೆಚ್ಚು ಬೆಳೆಯುತ್ತಾನೆ.