ಲೀಸ್ ಮನೆಯ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಬಂದರೆ

ಬೆಂಗಳೂರಿನ ಶಿವಾಜಿನಗರ, ಹಲಸೂರು, ಕೆ.ಆರ್. ಪುರಂ ಕಡೆ ಒಡವೆ ಅಡವಿಟ್ಟೋ, ಊರಿನ ಜಮೀನು ಮಾರಿಯೋ ಲಕ್ಷಗಟ್ಟಲೆ ಹಣ ಹೊಂದಿಸಿ ಲೀಸ್‌ಗೆ ಮನೆ ಹಿಡಿದ ಸಂಸಾರಗಳು ಬಹಳ. ಬಾಡಿಗೆ ಉಳಿದರೆ ಮಕ್ಕಳ ಫೀಸಿಗಾಯಿತು ಎಂಬ ಲೆಕ್ಕ. ಆದರೆ ಅದೇ ಮನೆಯ ಮೇಲೆ ಮಾಲೀಕರು ಸಾಲ ತೆಗೆದು ಕಂತು ಕಟ್ಟದೆ ಹೋದರೆ, ಬ್ಯಾಂಕಿನವರು ಒಂದು ದಿನ ಬಂದು ಬಾಗಿಲಿಗೆ ಕಾಗದ ಅಂಟಿಸಿ ಹೋಗುತ್ತಾರೆ.

ಅದನ್ನು ಕಿತ್ತುಹಾಕಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಕಲಂ, ಯಾವ ತಾರೀಕು ಎಂಬುದನ್ನು ನೋಡಿ. 2002ರ ಸರ್ಫೇಸಿ ಕಾಯ್ದೆಯ 13(2) ಎಂದಿದ್ದರೆ, 60 ದಿನದೊಳಗೆ ಬಾಕಿ ತೀರಿಸಿ ಎಂದು ಸಾಲಗಾರರಿಗೆ ಹೇಳುವ ನೋಟಿಸ್ ಅದು. 13(4) ಎಂದಿದ್ದರೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿದ್ದೇವೆ ಎಂದರ್ಥ. ಅನೇಕ ಸಲ ಆ ಹೊತ್ತಿಗೆ ಅದು ಕಾಗದದ ಮೇಲಿನ ಸ್ವಾಧೀನವಷ್ಟೇ. ಅಲ್ಲಿಂದ 45 ದಿನದೊಳಗೆ ಡಿಆರ್‌ಟಿಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅರ್ಜಿ ಹಾಕಬೇಕು. ಮೇಯೋ ಹಾಲ್ ಹತ್ತಿರವಿದೆಯೆಂದು ಅಲ್ಲಿನ ಸಿವಿಲ್ ಕೋರ್ಟಿಗೆ ಸ್ಟೇ ಕೇಳಲು ಹೋದರೆ ದಿನ ಕಳೆಯುತ್ತದೆ ಅಷ್ಟೆ. ಡಿಆರ್‌ಟಿ ತೀರ್ಮಾನಿಸಬೇಕಾದ ವಿಷಯಕ್ಕೆ ಸಿವಿಲ್ ಕೋರ್ಟ್ ಕೈಹಾಕದಂತೆ ಅದೇ ಕಾಯ್ದೆ ತಡೆದಿದೆ.

ಬಾಡಿಗೆದಾರರ ಮಾತನ್ನೂ ಡಿಆರ್‌ಟಿ ಕೇಳಬೇಕು. 2016ರ ತಿದ್ದುಪಡಿ ಅದನ್ನು ಸ್ಪಷ್ಟಪಡಿಸಿದೆ. ನಿಮ್ಮ ಲೀಸ್ ಬ್ಯಾಂಕಿನ ಅಡಮಾನಕ್ಕಿಂತ ಹಿಂದಿನದೇ, ನೋಂದಣಿ ಆಗಿದೆಯೇ, ಅವಧಿ ಉಳಿದಿದೆಯೇ ಎಂಬುದರ ಮೇಲೆ ಕೇಸು ನಿಲ್ಲುತ್ತದೆ. ನೋಂದಣಿಯಿಲ್ಲದ ಬರೀ ಛಾಪಾ ಕಾಗದದ ಕರಾರು, ಅದೂ ಸಾಲದ ನಂತರದ್ದಾದರೆ, ಮನೆ ಉಳಿಯುವ ಭರವಸೆಯನ್ನು ಯಾವ ವಕೀಲರೂ ಕೊಡಲಾರರು. ಆದರೂ ಖಾಲಿ ಮಾಡಲು ಕಾಲಾವಕಾಶ ಕೇಳಬಹುದು. ಲೀಸ್ ಹಣಕ್ಕಾಗಿ ಮಾಲೀಕರ ಮೇಲೆ ಬೇರೆಯೇ ದಾವೆ ಹೂಡಬೇಕು. ಹಾಗಾಗಿ ಹಣ ಕೊಟ್ಟದ್ದಕ್ಕೆ ಪುರಾವೆಯಾದ ಬ್ಯಾಂಕ್ ಪಾಸ್‌ಬುಕ್, ಚೆಕ್ಕಿನ ನಕಲು, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ಒಂದು ಫೈಲಿಗೆ ಹಾಕಿ.

ವಕೀಲರ ಫೀಸಿಗೆ ಅಂಜಿ ಸುಮ್ಮನೆ ಕೂರುವ ಅಪ್ಪ-ಅಮ್ಮಂದಿರಿಗೆ ಹೇಳಬೇಕಾದ ಮುಖ್ಯ ಮಾತು ಇದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗಲು ಆದಾಯದ ಮಿತಿಯೇ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೂ ಅಂಗವಿಕಲರಿಗೂ ಅಷ್ಟೆ. ಉಳಿದ ಗಂಡಸರಲ್ಲಿ ಹೆಚ್ಚಿನವರು ಆದಾಯ ತೋರಿಸಬೇಕು. ಆದ್ದರಿಂದ ಲೀಸ್ ಕರಾರು ಬರೆಸುವಾಗಲೇ ತಾಯಿಯ ಹೆಸರನ್ನೂ ಸೇರಿಸಿ ಎನ್ನುತ್ತೇನೆ. ಲೀಸ್ ಹಣ ಕೊಟ್ಟವರು ಆಕೆಯಾದರೆ ಆಕೆಯೇ ಅರ್ಜಿದಾರಳು. ಉಚಿತ ನೆರವು ನ್ಯಾಯಮಂಡಳಿಯ ಕೇಸಿಗೂ ಅನ್ವಯಿಸುತ್ತದೆ.

ಗಂಡ ಬಿಟ್ಟುಹೋಗಿ, ಕರಾರು ಅವನ ಹೆಸರಲ್ಲೇ ಇದ್ದರೆ? ಕರ್ನಾಟಕದಿಂದಲೇ ಹೋದ ಒಂದು ಬಾಡಿಗೆ ಮನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ, ಅಂಥ ಹೆಂಡತಿ ಮಾಲೀಕರ ದಾವೆಯನ್ನು ತಾನೇ ಎದುರಿಸಬಹುದು ಎಂದಿದೆ. ವಿಚ್ಛೇದನವಾದರೆ ಆ ಹಕ್ಕು ತಾನಾಗಿ ಉಳಿಯುವುದಿಲ್ಲ.

ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಮನೆಯಿಂದಲೇ ಕೇಳುವುದಾದರೆ 15100ಕ್ಕೆ ಫೋನ್ ಮಾಡಿ. ಅರ್ಜಿ ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತಾರೆ. ಗೇಟಿನಾಚೆ "ಬೇಗ ಮಾಡಿಸಿಕೊಡ್ತೀನಿ" ಎನ್ನುವವರ ಕೈಗೆ ಅಸಲು ಕಾಗದ ಕೊಡಬೇಡಿ.

ಬ್ಯಾಂಕಿನದಲ್ಲದೆ ಮಾಲೀಕರದೇ ಕಾಟವಾದರೆ ದಾರಿ ಬೇರೆ. ಕೋರ್ಟಿನ ಆದೇಶವಿಲ್ಲದೆ ಬೀಗ ಹಾಕಿ ಹೊರಗೆ ನಿಲ್ಲಿಸಿದರೆ, ಆರು ತಿಂಗಳೊಳಗೆ ಸಿವಿಲ್ ಕೋರ್ಟಿನಲ್ಲಿ ಸ್ವಾಧೀನ ಮರಳಿ ಕೇಳಬಹುದು.

ಮನೆ ಬದಲಿಸಲೇಬೇಕಾದರೆ ಮಗುವಿನ ವರ್ಷ ಹಾಳಾಗುತ್ತದೆಂದು ಹೆದರಬೇಡಿ. 1ರಿಂದ 8ನೇ ತರಗತಿವರೆಗೆ, ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರೂ ಟಿ.ಸಿ.ಯನ್ನು ತಕ್ಷಣ ಕೊಡಬೇಕು.